ಪುಟ್ಟಿಗೆ ಹಾಡಿನ ಪಟ್ಟಿ

14 ಜುಲೈ 2024, ಭಾನುವಾರ

ಮಧ್ಯಾಹ್ನ ಪುಟ್ಟಿ ಫೋನ್ ಮಾಡಿದ್ದಳು. ಹೈದರಾಬಾದಿನಲ್ಲಿ ಆಫೀಸಿಗೆ ಹೋಗಿ ಬರೋದರಲ್ಲೇ ಅರ್ಧ ಜೀವ ಹೋಗುತ್ತದಂತೆ. "ಅತ್ತೆ, ನಿಮಗೆ ಇಷ್ಟದ ಹಾಡು ಒಂದಷ್ಟು ಬರೆದು ಕಳಿಸಿ, ಬಸ್ಸಲ್ಲಿ ಕೇಳ್ತೀನಿ. ಎಲ್ಲಾ ಥರದ್ದೂ ಇರಲಿ. ಅಪ್ಪನ್ನ ಕೇಳೋ ಹಾಗಿಲ್ಲ, ಪಿ.ಬಿ. ಶ್ರೀನಿವಾಸ್ ಬಿಟ್ಟು ಬೇರೆ ಹೆಸರೇ ಬರಲ್ಲ" ಅಂದಳು.

ರಾತ್ರಿ ಕಳಿಸ್ತೀನಿ ಅಂದೆ. ಈಗ ಹತ್ತೂವರೆ. ಹಾಳೆ ತುಂಬಾ ಗೀಚಿ, ಹೊಡೆದು, ಮತ್ತೆ ಬರೆದು ಕೂತಿದ್ದೇನೆ.

ಮೊದಲನೆಯದಕ್ಕೆ ಮಾತ್ರ ಯೋಚನೆ ಬೇಕಾಗಲಿಲ್ಲ. ಬೆಳಗಿನಿಂದ ಜಿಟಿಜಿಟಿ ಮಳೆ, ಅಡುಗೆಮನೆ ಮೂಲೆಯಲ್ಲಿ ಬಕೆಟ್ ಇಟ್ಟಿದ್ದೇನೆ. ಹೋದ ವರ್ಷ ತಾರಸಿಗೆ ಏನೋ ಬಳಿದು ದುಡ್ಡು ತೆಗೆದುಕೊಂಡು ಹೋದ ಪುಣ್ಯಾತ್ಮ ಈಗ ಫೋನ್ ಎತ್ತುತ್ತಿಲ್ಲ. ಇಂಥ ದಿನ 'ಸೋರುತಿಹುದು ಮನೆಯ ಮಾಳಿಗಿ' ಬಿಟ್ಟು ಬೇರೆ ಏನು ನೆನಪಾಗಬೇಕು ಹೇಳಿ.

ಫೋನಲ್ಲೇ ಅವಳಿಗೆ ಹೇಳಿದೆ. "ಅದು ರಘು ದೀಕ್ಷಿತ್ ಹಾಡಲ್ವಾ ಅತ್ತೆ?" ಅಂದಳು.

"ಶರೀಫಜ್ಜನ ಹಾಡು ಕಣೇ. ಅವರು ತೀರಿಕೊಂಡಿದ್ದೇ 1889ರಲ್ಲಿ."

"ಓ! ನಾನು ಅವರೇ ಬರೆದದ್ದು ಅಂದ್ಕೊಂಡಿದ್ದೆ. 'ಗುಡುಗುಡಿಯಾ ಸೇದಿ ನೋಡೋ'?"

"ಅದೂ ಶರೀಫಜ್ಜಂದೇ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕಳು. ನನಗೆ ಬೇಜಾರೇನೂ ಆಗಲಿಲ್ಲ, ಖುಷಿಯೇ ಆಯಿತು. ನಾವು ಶರೀಫರನ್ನು ಕೇಳಿದ್ದು ಅಶ್ವತ್ಥರ ಗಂಟಲಿನಲ್ಲಿ. 1990ರಲ್ಲಿ ಶರೀಫರ ಬಗ್ಗೆ ನಾಗಾಭರಣರ ಸಿನಿಮಾ ಬಂದಾಗಲಂತೂ ಎಲ್ಲಿ ಹೋದರೂ ಅದೇ ಹಾಡು. ಇವಳು ಕೇಳಿದ್ದು 2008ರ ಆಲ್ಬಮ್ಮಿನಲ್ಲಿ, ಗಿಟಾರಿನ ಜೊತೆ. ಅದೂ ನಮ್ಮ ಮೈಸೂರಿನಲ್ಲಿ ಬೆಳೆದ ಹುಡುಗನಿಂದ. ಇಬ್ಬರ ಬಾಯಲ್ಲೂ ಅದೇ ಮುರುಕು ತೊಲೆ, ಅದೇ ಹುಳುಕು ಜಂತಿ. ನನ್ನನ್ನು ಕೇಳಿದರೆ 'ಸೋರುತಿಹುದು' ಅಶ್ವತ್ಥರದ್ದು, 'ಗುಡುಗುಡಿಯಾ' ರಘುದು. ಅಶ್ವತ್ಥರು ಹಾಡಿದಾಗ ಸೋರುವ ಮನೆಯೊಳಗೆ ನಿಂತು ಬಯ್ದ ಹಾಗೆ ಇರುತ್ತದೆ. ಮೇಲಕ್ಕೆ ಹತ್ತಿ ಹೋಗಲಾರೆ ಅಂತ ಒಂದು ಮಾತು ಬರುತ್ತದಲ್ಲ, ಮಂಡಿ ನೋವು ಬಂದಮೇಲೆ ಅದು ನನಗೆ ತತ್ವವಾಗಿ ಉಳಿದಿಲ್ಲ, ವರದಿ.

ಅಲ್ಲಿಂದ ಪಟ್ಟಿ ದಾರಿ ತಪ್ಪಿತು. ಒಂದೊಂದು ಥರದ್ದು ಒಂದೊಂದು ಅಂದಿದ್ದಳು. ಬರೆಯುತ್ತಾ ಹೋದರೆ ಒಂದೇ ಹಾಡು ಎರಡು ಮೂರು ಥರದ ಕೆಳಗೆ ಬಂದು ಕೂರುತ್ತದೆ. 'ಕೃಷ್ಣಾ ನೀ ಬೇಗನೆ ಬಾರೋ' ಎಲ್ಲಿಡಲಿ? ವ್ಯಾಸರಾಯರದ್ದು, ದಾಸರ ಪದ. ಯಮನ್ ಕಲ್ಯಾಣಿ, ಕಚೇರಿ ಹಾಡು. ಮದರಾಸಿನ ಬಾಲಸರಸ್ವತಿ ಅದಕ್ಕೆ ಅಭಿನಯ ಮಾಡಿ ದೇಶವಿದೇಶ ಸುತ್ತಿದರು, ಸತ್ಯಜಿತ್ ರಾಯ್ ಅವರ ಸಾಕ್ಷ್ಯಚಿತ್ರದಲ್ಲಿ ಸಮುದ್ರದ ದಂಡೆಯಲ್ಲಿ ಇದಕ್ಕೇ ಕುಣಿದಿದ್ದಾರೆ, ಹಾಗಾದರೆ ನೃತ್ಯದ್ದು. 1996ರಲ್ಲಿ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ ಇಂಗ್ಲಿಷ್ ಸಾಲಿನ ಜೊತೆ ಸೇರಿಸಿ ಹಾಡಿದರು, ಆಗ ಪಾಪ್. ಎಲ್ಲದರಲ್ಲೂ ಯಶೋದೆ ಕರೆಯೋದು ಅದೇ ಮಗುವನ್ನ. ಪುಟ್ಟಿಗೆ ಬಾಲಸರಸ್ವತಿಯ ವಿಡಿಯೊ ನೋಡು ಅಂತ ಬರೆದಿದ್ದೇನೆ. ವಯಸ್ಸಾದ ಹೆಂಗಸು, ಸೀರೆ ಗಾಳಿಗೆ ಹಾರುತ್ತಿದೆ, ಅಭಿನಯ ಮಾತ್ರ ಅಲ್ಲಾಡಿಲ್ಲ.

ಜಾನಪದಕ್ಕೆ 'ಸೋಜುಗಾದ ಸೂಜು ಮಲ್ಲಿಗೆ' ಬರೆದೆ. ಇದು ಅವಳಿಗೆ ಗೊತ್ತು, ಗುನುಗೋದನ್ನ ನಾನೇ ಕೇಳಿದ್ದೇನೆ. ಮಂಗಳೂರಿನ ರೌಡಿಗಳ ಕಥೆ 'ಗರುಡ ಗಮನ ವೃಷಭ ವಾಹನ'ದಲ್ಲಿ ಚೈತ್ರಾ ಆಚಾರ್ ಹಾಡಿದ್ದಾಳೆ. ಅನನ್ಯಾ ಭಟ್ ಹಾಡಿದ್ದೂ ಎಲ್ಲರ ಫೋನಲ್ಲೂ ಇದೆ. ಆದರೆ ಅದು ಮಾದಪ್ಪನ ಹಾಡು. ಮಲೆ ಮಹದೇಶ್ವರನ ಬೆಟ್ಟದ ಕಡೆ ಕಂಸಾಳೆಯವರು ಹಾಡೋದನ್ನ ಒಂದು ಸಲ ಕೂತು ಕೇಳು, ಆಮೇಲೆ ಸಿನಿಮಾದ್ದು ಕೇಳು ಅಂತ ಬರೆದೆ. ಕಂಸಾಳೆಯ ಆ ಕಂಚಿನ ಸದ್ದು ಸ್ಟುಡಿಯೊದಲ್ಲಿ ಸ್ವಲ್ಪ ಸಾಧುವಾಗಿಬಿಡುತ್ತದೆ.

ಹಿಂದೂಸ್ತಾನಿ ಅಂದರೆ ಅವಳು ಹೆದರುತ್ತಾಳೆ. ಒಂದು ರಾಗ ಒಂದು ಗಂಟೆ ಅಂತ ಯಾರೋ ಹೇಳಿಬಿಟ್ಟಿದ್ದಾರೆ. ಅದಕ್ಕೇ ಮಲ್ಲಿಕಾರ್ಜುನ ಮನಸೂರರ ವಚನ ಹಾಕಿದ್ದೇನೆ, 'ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ'. ಜೈಪುರ ಘರಾಣೆಯ ಅಪರೂಪದ ರಾಗಗಳನ್ನೆಲ್ಲ ಅರೆದು ಕುಡಿದ ಮನುಷ್ಯ, ಅಕ್ಕಮಹಾದೇವಿಯ ಕನಸನ್ನ ಹಾಡುತ್ತಾರೆ. ಕನಸಿನಲ್ಲಿ ಏನಿದೆ ಅಂದರೆ ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಮದುವೆ ಮನೆ ಸಾಮಾನು. ಅಷ್ಟರಲ್ಲಿ ಚಿಕ್ಕ ಚಿಕ್ಕ ಜಡೆಯ ಗೊರವ ಭಿಕ್ಷೆಗೆ ಬರುತ್ತಾನೆ. ಇವಳು ಅವನ ಹಿಂದೆ ಹೋಗಿ ಕೈ ಹಿಡಿಯುತ್ತಾಳೆ. ನಮ್ಮಮ್ಮ ಇದನ್ನ ಕೇಳುವಾಗ ಕೈಯಲ್ಲಿದ್ದ ಹೂ ಕಟ್ಟೋದನ್ನೂ ನಿಲ್ಲಿಸುತ್ತಿದ್ದಳು. ಮನಸೂರರದ್ದು ಸಿಹಿ ದನಿಯಲ್ಲ, ಒಂಚೂರು ಒಣಗಿದ ದನಿ. ಎಳೆ ಹುಡುಗಿಯ ಕನಸು ಈ ಮುದುಕನ ಗಂಟಲಿಗೆ ಹೇಗೆ ಒಗ್ಗಿತು ಅಂತ ಮೊದಲು ಅನ್ನಿಸುತ್ತದೆ. 'ಕಂಡೆ' ಅನ್ನೋ ಕಡೆ ಬಂದಾಗ ಆ ಪ್ರಶ್ನೆ ಮರೆತು ಹೋಗಿರುತ್ತದೆ. ಪ್ರತಿ ಸಲ ಆ 'ಕಂಡೆ' ಬೇರೆ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಬಸ್ಸಿನ ಗಲಾಟೆಯಲ್ಲಿ ಇದನ್ನ ಕೇಳಬೇಡ, ರಾತ್ರಿ ರೂಮಲ್ಲಿ ಕೇಳು ಅಂತ ಪಕ್ಕದಲ್ಲಿ ಬರೆದಿದ್ದೇನೆ. ಕೇಳುತ್ತಾಳೋ ಇಲ್ಲವೋ.

ಬಸ್ಸಿಗೆ ಬೇಕಾದರೆ 'ಕಾಡು ಕುದುರೆ ಓಡಿ ಬಂದಿತ್ತಾ' ಇದೆ. ಕಂಬಾರರ ಪದ, ಶಿವಮೊಗ್ಗ ಸುಬ್ಬಣ್ಣನವರ ದನಿ. ವಕೀಲರಾಗಿದ್ದರು ಅವರು. ಈ ಹಾಡಿಗೆ ರಾಷ್ಟ್ರಪ್ರಶಸ್ತಿಯೇ ಬಂತು. ಇದನ್ನ ಕೇಳಿಕೊಂಡು ಸುಮ್ಮನೆ ಕೂರೋಕೆ ಆದರೆ ಅವಳು ನಮ್ಮ ಮನೆಯವಳೇ ಅಲ್ಲ.

ಚಪಾತಿ ಹಿಟ್ಟು ಫ್ರಿಜ್ಜಿಗಿಡೋದು ಮರೆತಿದ್ದೆ. ಇಟ್ಟು ಬಂದೆ. ಬಕೆಟ್ ಅರ್ಧ ತುಂಬಿದೆ.

ಈಗ ಸಿನಿಮಾ. ಇಲ್ಲೇ ನಾನು ಸಿಕ್ಕಿಹಾಕಿಕೊಂಡಿರೋದು. 'ಗೀತಾ' ಸಿನಿಮಾದ 'ಜೊತೆಯಲಿ ಜೊತೆ ಜೊತೆಯಲಿ' ಹಾಕಿದೆ. ಇಳಯರಾಜಾ, ಎಸ್ಪಿಬಿ, ಜಾನಕಿ, ಅದಕ್ಕೆ ವಿವರಣೆ ಬೇಕಿಲ್ಲ. 'ಬೆಳ್ಳಿ ಮೋಡ'ದ 'ಮೂಡಲ ಮನೆಯ' ಹಾಕಿದೆ. ಬೇಂದ್ರೆ ಇಲ್ಲದ ಪಟ್ಟಿ ಪಟ್ಟಿಯೇ? ರಾಜ್‌ಕುಮಾರ್ ಹಾಡಿದ್ದು ಅಂದರೆ ನನ್ನ ಓಟು 'ಜೀವನ ಚೈತ್ರ'ದ 'ನಾದಮಯ'ಕ್ಕೆ. ತೋಡಿ ರಾಗ. ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೇ.

ಅಣ್ಣನಿಗೆ, ಅಂದರೆ ಪುಟ್ಟಿಯ ಅಪ್ಪನಿಗೆ, ಇದು ಗೊತ್ತಾದರೆ ಜಗಳ ಶುರು. ನಮ್ಮ ಮನೆಯಲ್ಲಿ ಇದು ಹಳೇ ಜಗಳ. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು, 'ಯಾರೇ ಕೂಗಾಡಲಿ' ಹಿಟ್ ಆಯಿತು, ಆಮೇಲೆ ರಾಜ್‌ಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದರು. ಅಲ್ಲಿವರೆಗೆ ಅವರಿಗೆ ಹಾಡುತ್ತಿದ್ದ ಪಿ.ಬಿ. ಶ್ರೀನಿವಾಸ್, ನಮ್ಮ ಮನೆ ಭಾಷೆಯಲ್ಲಿ ಪಿಬಿಎಸ್, ಪಕ್ಕಕ್ಕೆ ಸರಿದರು. ಅಣ್ಣ ಇವತ್ತಿಗೂ ಅದನ್ನ ಸ್ವಂತ ಆಸ್ತಿ ಹೋದ ಹಾಗೆ ಹೇಳುತ್ತಾನೆ. "ಅದೇ ವರ್ಷ 'ಎರಡು ಕನಸು' ಬಂತು, ಕೇಳಿ ನೋಡೇ, ಅಂಥ ದನಿ ಇಟ್ಟುಕೊಂಡು..." ಅಂತ ಶುರು ಮಾಡಿ ಮುಗಿಸುತ್ತಲೇ ಇರಲಿಲ್ಲ. 'ಬಾಡಿ ಹೋದ ಬಳ್ಳಿಯಿಂದ' ಬಚ್ಚಲುಮನೆಯಲ್ಲಿ ಶುರುವಾದರೆ ತಿಂಡಿ ತಟ್ಟೆ ಮುಂದೆ ಬರೋವರೆಗೂ ನಡೆಯುತ್ತಿತ್ತು. ಅತ್ತಿಗೆ ಒಳಗಿನಿಂದ, "ಬಳ್ಳಿ ಬಾಡಿದ್ದು ಸಾಕು, ಇಡ್ಲಿ ಆರ್ತಾ ಇದೆ ಬನ್ನಿ" ಅಂತ ಕೂಗುತ್ತಿದ್ದಳು.

ಅತ್ತಿಗೆ ಹೋದಮೇಲೆ ಅವನು ಹಾಡಿದ್ದು ನಾನು ಕೇಳಿಲ್ಲ. ರೇಡಿಯೊ ಹಾಕಿರುತ್ತಾನೆ. ಹಾಡು ಬಂದರೆ ಸಣ್ಣದು ಮಾಡುತ್ತಾನೆ, ಆರಿಸಲ್ಲ. ಮೊನ್ನೆ ಹೋದಾಗ ನೋಡಿದೆ.

ಪುಟ್ಟಿ ಪಿಬಿಎಸ್ ಬೇಡ ಅಂದಳಲ್ಲ, ಆ ಬೇಡ ಅನ್ನೋದರಲ್ಲಿ ಎಷ್ಟು ತಮಾಷೆ, ಎಷ್ಟು ನಿಜ ಅಂತ ಫೋನಲ್ಲಿ ಗೊತ್ತಾಗಲಿಲ್ಲ. ಅವಳೂ ಆ ಮನೆಯಲ್ಲೇ ಬೆಳೆದವಳು. ಇಡ್ಲಿ ಆರ್ತಾ ಇದೆ ಅನ್ನೋದು ಅವಳ ಕಿವಿಯಲ್ಲೂ ಇರಬೇಕಲ್ಲ. 'ಬಾಡಿ ಹೋದ' ಬರೆದೆ, ಹೊಡೆದೆ. 'ಕಸ್ತೂರಿ ನಿವಾಸ'ದ 'ಆಡಿಸಿ ನೋಡು' ಬರೆದೆ. ಅದು ಇನ್ನೂ ಕೆಟ್ಟದ್ದು, ಬೀಳಿಸಿದರೂ ಬೀಳದ ಬೊಂಬೆ ಅಂತೆಲ್ಲ. ಹಾಗಂತ ಅವನ ಹಾಡು ಒಂದೂ ಇಲ್ಲದೆ ಕಳಿಸೋದಾ?

ನಾಳೆ ಅಣ್ಣನಿಗೇ ಫೋನ್ ಮಾಡಬೇಕು. ಪುಟ್ಟಿ ಕೇಳಿದ್ದು ಅನ್ನಲ್ಲ. ನನಗೇ ಬೇಕಿತ್ತು, ಒಂದು ಒಳ್ಳೇ ಪಿಬಿಎಸ್ ಹಾಡು ಹೇಳು ಅಂತೀನಿ. 'ನಾದಮಯ'ವನ್ನ ಒಂದು ಸಲ ಬಯ್ದರೂ ಬಯ್ಯಲಿ.

ನಮ್ಮವರು ಈಗ ಹಿಂದೆ ನಿಂತು ಪಟ್ಟಿ ಓದಿದರು. "ಯಕ್ಷಗಾನ ಎಲ್ಲಿ?" ಅಂದರು. ಕುಂದಾಪುರದವರಿಗೆ ಅದೊಂದೇ ಲೆಕ್ಕ. ಕಾಳಿಂಗ ನಾವಡರ 'ನೀಲ ಗಗನದೊಳು' ಬರೆಯಬೇಕಂತೆ. ಬರೆಯೋಣ, ತೊಂದರೆಯಿಲ್ಲ, ಆದರೆ ಅದನ್ನ ಜಾನಪದದ ಕೆಳಗೆ ಬರೆಯೋಕೆ ಹೋದೆ, ಅಯ್ಯಯ್ಯೋ ಅದು ಜಾನಪದ ಅಲ್ಲ, ಶಾಸ್ತ್ರೀಯ ಅಂತ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿದ್ದಾರೆ. ಇನ್ನು ಬಡಗುತಿಟ್ಟಿನ, ಅಂದರೆ ಅವರ ಕಡೆಯ ಯಕ್ಷಗಾನ ಶೈಲಿಯ, ಭಾಗವತಿಕೆ ಪೂರ್ತಿ ಕೇಳದೆ ನಾನು ಏಳೋ ಹಾಗಿಲ್ಲ.