ಪಾಲಿಹೌಸ್ ಬೇಡವೆನ್ನುವ ರೈತರ ಲೆಕ್ಕ

ನಮ್ಮ ಗದಗ, ಹಾವೇರಿ, ಧಾರವಾಡ ಭಾಗದ ರೈತರು ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೆಳೆಮನೆ, ಕಟ್ಟಲು ಮುಂದೆ ಬರುವುದಿಲ್ಲವೆಂಬ ಮಾತು ಎದ್ದಾಗಲೆಲ್ಲ, ಅವರಿಗೆ ತಿಳಿವಳಿಕೆ ಸಾಲದು ಎಂಬ ತೀರ್ಮಾನವೂ ಬೆನ್ನಿಗೇ ಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಬೇಡವೆನ್ನುವವರಲ್ಲಿ ಬಹಳ ಮಂದಿ ಲೆಕ್ಕ ಹಾಕಿಯೇ ಬೇಡವೆನ್ನುತ್ತಾರೆ.

ರಾಣೆಬೆನ್ನೂರು ತಾಲೂಕನ್ನೇ ನೋಡಿ. ಅಲ್ಲಿ ಟೊಮೆಟೊ, ಮೆಣಸಿನಕಾಯಿಗಳ ಹೈಬ್ರಿಡ್ ಬೀಜ ಬೆಳೆಯಲು ಸಣ್ಣ ಹಿಡುವಳಿದಾರರು ಕೂಡ ನೆಟ್ ಹೌಸ್ (ಬಲೆ ಹೊದಿಸಿದ ಮನೆ) ಹಾಕಿಕೊಂಡಿದ್ದಾರೆ. ಕ್ರಾಸಿಂಗ್ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಇನ್ನೂ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಹೂವಿಗೆ ಪೆಟ್ಟಾಗದಂತೆ ಕೇಸರಗಳನ್ನು ಕಿತ್ತು, ಮರುದಿನ ಅದಕ್ಕೆ ಗಂಡು ಗಿಡದ ಪರಾಗವನ್ನು ಮುಟ್ಟಿಸುತ್ತಾರೆ. ಸಣ್ಣ ಕಣ್ಣಿನ ಬಲೆಯು ರಸ ಹೀರುವ ಬಿಳಿನೊಣ, ಥ್ರಿಪ್ಸ್‌ಗಳನ್ನು ಬಹುಮಟ್ಟಿಗೆ ಹೊರಗೇ ತಡೆಯುವುದರಿಂದ ಎಲೆ ಮುದುಡುವ ಮುಟುರು ರೋಗದ ಕಾಟವೂ ತಗ್ಗುತ್ತದೆ. ಆದರೆ ರೈತರಿಗೆ ಧೈರ್ಯ ಕೊಟ್ಟದ್ದು ಬಲೆಯೊಂದೇ ಅಲ್ಲ. ಬೀಜ ಕಂಪನಿಯವರು ಬಿತ್ತನೆಗೆ ಮೊದಲೇ ದರ ಮಾತಾಡಿಕೊಂಡಿರುತ್ತಾರೆ ಎಂಬುದೇ ದೊಡ್ಡ ಸಂಗತಿ.

ದೊಣ್ಣೆ ಮೆಣಸಿನಕಾಯಿ, ಜರ್ಬೆರಾ ಹೂ ಬೆಳೆಯಲು ಪಾಲಿಹೌಸ್ ಕಟ್ಟುವವರಿಗೆ ಇಂಥ ಆಸರೆಯಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮದುವೆ, ಜಾತ್ರೆಗಳು ನಿಂತು, ಹೂವಿಗೆ ಕೊಳ್ಳುವವರೇ ಇಲ್ಲದಂತಾದದ್ದನ್ನು ಜನ ಇನ್ನೂ ಮರೆತಿಲ್ಲ. ತೋಟಗಾರಿಕೆ ಯೋಜನೆಯಲ್ಲಿ ಶೇ. 50ರಷ್ಟು ಸಹಾಯಧನವಿದೆ ನಿಜ, ಆದರೆ ಉಳಿದರ್ಧಕ್ಕೆ ಬ್ಯಾಂಕಿನ ಬಾಗಿಲು ತಟ್ಟಬೇಕು. ಕಟ್ಟಿದ ಮೇಲೂ ಖರ್ಚು ನಿಲ್ಲುವುದಿಲ್ಲ. 200 ಮೈಕ್ರಾನ್ ದಪ್ಪದ ಹಾಳೆ ಸಾಮಾನ್ಯವಾಗಿ ಮೂರು-ನಾಲ್ಕು ವರ್ಷ ಬಾಳುತ್ತದೆ. ಮೇ ತಿಂಗಳ ಗಾಳಿ-ಮಳೆಗೆ ಸಿಕ್ಕರೆ ಅದಕ್ಕೂ ಮೊದಲೇ ಹರಿಯುತ್ತದೆ. "ಹಾಳಿ ಹರಿದ್ರ ಹೊಸಾದು ಯಾರು ಹಾಕಿಸಿ ಕೊಡ್ತಾರ್ರೀ?" ಎಂದು ಕೇಳುವ ರೈತನಿಗೆ ತರಬೇತಿ ಶಿಬಿರದ ಕರಪತ್ರ ಉತ್ತರವಾಗಲಾರದು. ಒಳಗೆ ಅದದೇ ಬೆಳೆ ಬೆಳೆದರೆ ಮಣ್ಣಿನಲ್ಲಿ ಜಂತುಹುಳು (ನೆಮಟೋಡ್) ಹೆಚ್ಚಿ ಬೇರು ಗಂಟುಗಟ್ಟುತ್ತದೆ ಎಂಬುದನ್ನಂತೂ ಮೊದಲೇ ಹೇಳುವವರು ಕಡಿಮೆ.

ಎರೆ (ಕಪ್ಪು ಮಣ್ಣಿನ) ಭೂಮಿಯ ಕಷ್ಟವೇ ಬೇರೆ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಈ ಮಣ್ಣಿನಲ್ಲಿ ಕಂಬದ ಅಡಿಪಾಯವನ್ನು ಆಳಕ್ಕೆ ಇಳಿಸಬೇಕು. ನೀರು ಬಸಿಯದ ಕಾರಣ ಮಡಿಗಳಿಗೆ ಮಸಾರಿ (ಕೆಂಪು) ಮಣ್ಣನ್ನು ಹೊರಗಿನಿಂದ ಹೇರಬೇಕು. ಮಸಾರಿ ಹೊಲದವನಿಗೆ ಇರದ ಈ ಖರ್ಚನ್ನು ಯೋಜನೆಯ ಅಂದಾಜಿನಲ್ಲಿ ಪ್ರತ್ಯೇಕವಾಗಿ ಹಿಡಿಯಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ನೀರಿನ ವಿಷಯದಲ್ಲಿ ಮಾತ್ರ ನಾನು ಪಾಲಿಹೌಸ್ ಪರ ನಿಲ್ಲುತ್ತೇನೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಕಡೆ 1000 ಚದರ ಮೀಟರ್ ಚಾವಣಿಯ ಮೇಲೆ ಬೀಳುವ ನೀರು ಆರು ಲಕ್ಷ ಲೀಟರ್. ಸೋರಿಕೆ, ಆವಿ ಎಂದು ಮೂರನೇ ಒಂದು ಪಾಲು ಕಳೆದರೂ ನಾಲ್ಕು ಲಕ್ಷ ಉಳಿಯುತ್ತದೆ. ದಿನಕ್ಕೆ 2500 ಲೀಟರಿನಂತೆ ಹನಿ ನೀರಾವರಿಯಲ್ಲಿ ಬಿಟ್ಟರೆ ಅದು 160 ದಿನಗಳಿಗೆ ಸಾಕು, ಅಂದರೆ ಒಂದು ಸೌತೆ ಬೆಳೆಗೆ ಧಾರಾಳವಾಯಿತು. ಕೊಳವೆಬಾವಿ ಬತ್ತಿದ ರೋಣ, ಮುಂಡರಗಿ ಕಡೆಯ ರೈತನ ಮುಂದೆ ಇಡಬೇಕಾದದ್ದು ಈ ಲೆಕ್ಕ. ಅದಕ್ಕಾಗಿ ಚಾವಣಿಯ ನೀರು ಹರಿಸುವ ದೋಣಿಯನ್ನೂ ತಾಡಪಾಲು ಹಾಸಿದ ಕೃಷಿ ಹೊಂಡವನ್ನೂ ಪಾಲಿಹೌಸ್ ಜೊತೆಗೇ ಒಂದೇ ಅರ್ಜಿಯಲ್ಲಿ ಮಂಜೂರು ಮಾಡಬೇಕು.