ಮಾತ್ರೆಯೋ, ಪ್ಯಾಚೋ, ಜೆಲ್ಲೋ?

ಮುಟ್ಟು ನಿಲ್ಲೋ ಕಾಲದ ಬಿಸಿಯುರಿಗೆ ಹಾರ್ಮೋನ್ ಚಿಕಿತ್ಸೆ ತಗೋಬೇಕು ಅನ್ನೋದು ಬೇಗ ನಿರ್ಧಾರ ಆಯ್ತು. ಯಾವ ರೂಪದಲ್ಲಿ ಅನ್ನೋದೇ ತಲೆ ತಿಂದಿದ್ದು.

ಮಾತ್ರೆ ಸುಲಭ, ನಿಜ. ಆದರೆ ನುಂಗಿದ ಈಸ್ಟ್ರೋಜನ್ (ಈ ಚಿಕಿತ್ಸೆಯ ಮುಖ್ಯ ಹಾರ್ಮೋನ್) ಮೊದಲು ಲಿವರ್ ಹಾದು ಹೋಗುತ್ತೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸೋ ಅಂಶಗಳು ಹೆಚ್ಚಾಗಿ, ರಕ್ತನಾಳದಲ್ಲಿ ಹೆಪ್ಪು ಕಟ್ಟೋ ಅಪಾಯ ತುಸು ಏರುತ್ತೆ. ಪ್ಯಾಚ್ (ಮೈಗೆ ಅಂಟಿಸೋ ಔಷಧಿ ಪಟ್ಟಿ) ಅಥವಾ ಜೆಲ್ ಆಗಿ ಚರ್ಮದ ಮೂಲಕ ಹೋದರೆ ಆ ಸುತ್ತೇ ಇಲ್ಲ, ರಕ್ತದಲ್ಲಿ ಹಾರ್ಮೋನ್ ಮಟ್ಟವೂ ಹೆಚ್ಚು ಏರುಪೇರಾಗಲ್ಲ. ಮೈಗ್ರೇನ್ ಇರೋ ನನಗೆ ಡಾಕ್ಟರೂ ಅದನ್ನೇ ಹೇಳಿದ್ರು.

ಜೆಲ್ ಆದ್ರೆ ದಿನಾ ಹಚ್ಚಿ, ಒಣಗೋವರೆಗೆ ಬಟ್ಟೆ ಹಾಕದೆ ಕಾಯಬೇಕು, ಕೈ ತೊಳೀಬೇಕು, ಆ ಜಾಗ ಮಕ್ಕಳಿಗೆ ತಾಗದ ಹಾಗೆ ನೋಡ್ಕೋಬೇಕು. ಬೆಳಗಿನ ಗಡಿಬಿಡೀಲಿ ಅಷ್ಟು ವ್ಯವಧಾನ ಯಾರಿಗಿದೆ? ವೈದ್ಯಶಾಸ್ತ್ರದ ಲೆಕ್ಕ ಒಂದು ಕಡೆಯಾದ್ರೆ, ನಮ್ಮ ಸೋಮಾರಿತನದ ಲೆಕ್ಕವೂ ಒಂದಿರುತ್ತೆ ನೋಡಿ.

ಹಾಗಾಗಿ ಪ್ಯಾಚ್. ವಾರಕ್ಕೆ 2 ಸಲ ಬದಲಿಸೋದು, ಸೊಂಟದಿಂದ ಕೆಳಗೆ, ಪ್ರತಿ ಸಲ ಬೇರೆ ಜಾಗ. ಎದೆ ಮೇಲೆ ಮಾತ್ರ ಅಂಟಿಸೋ ಹಾಗಿಲ್ಲ. ಕಿತ್ತಾಗ ಅಂಚಿನ ಅಂಟಿಗೆ ಬಟ್ಟೆ ನೂಲು ಹಿಡಿದು ಬೂದು ಗೆರೆ ಉಳಿಯುತ್ತೆ. ಎಣ್ಣೆ ಸವರಿ ಉಜ್ಜಿದರೆ ಹೋಗುತ್ತೆ. ಇದೇ ಅಂಟಿಗೆ ಗೆಳತಿಯ ಚರ್ಮ ಕೆಂಪಗಾಗಿ ತುರಿಸ್ತಿತ್ತಂತೆ, ಅವಳು ಜೆಲ್‌ನಲ್ಲೇ ಆರಾಮಾಗಿದ್ದಾಳೆ.

ಗರ್ಭಕೋಶ ಇರೋರಿಗೆ ಈಸ್ಟ್ರೋಜನ್ ಒಂದೇ ಸಾಲದು, ಒಳಪದರ ದಪ್ಪ ಆಗದಿರೋಕೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಕೂಡ ಬೇಕು. ಅದನ್ನ ಮಲಗೋ ಮುಂಚೆ ಕ್ಯಾಪ್ಸೂಲ್ ರೂಪದಲ್ಲಿ ತಗೊಳ್ತೀನಿ. ಒಳ್ಳೇ ಮಂಪರು ಬರುತ್ತೆ, ನನ್ನದೇನೂ ತಕರಾರಿಲ್ಲ.