ವಾಟರ್‌ಫಾಲ್ ಚಾರ್ಟ್: ಕಂಬ ಎಲ್ಲಿ ತೇಲಬೇಕು, ಎಲ್ಲಿ ನೆಲ ಮುಟ್ಟಬೇಕು

ಒಂದು ಮೊತ್ತ ಏರಿಕೆ ಇಳಿಕೆಗಳನ್ನು ದಾಟಿ ಇನ್ನೊಂದು ಮೊತ್ತಕ್ಕೆ ಹೇಗೆ ಬಂತೆಂದು ಕಂಬಗಳಲ್ಲಿ ತೋರಿಸುವುದೇ ವಾಟರ್‌ಫಾಲ್ ಚಾರ್ಟ್: ಮೊತ್ತದ ಕಂಬಗಳು ನೆಲ ಮುಟ್ಟುತ್ತವೆ, ಬದಲಾವಣೆಯ ಕಂಬಗಳು ನಡುವೆ ತೇಲುತ್ತವೆ. ತಿಂಗಳ ರಿವ್ಯೂನಲ್ಲಿ ಕಾಣುವ ವಾಟರ್‌ಫಾಲ್ ಚಾರ್ಟ್‌ಗಳು ಹೆಚ್ಚಾಗಿ ಮೂರು ಬಗೆಯವು: ಆದಾಯದಿಂದ ಖರ್ಚು ಕಳೆಯುತ್ತಾ ನಿವ್ವಳ ಲಾಭಕ್ಕೆ ಇಳಿಯುವುದು, ಬಜೆಟ್ಟಿನಿಂದ ನಿಜವಾದ ಲೆಕ್ಕಕ್ಕೆ ಬರುವುದು, ಆರಂಭದ ನಗದಿನಿಂದ ಕೊನೆಯ ನಗದಿಗೆ ಹೋಗುವುದು. ಇವುಗಳಲ್ಲಿ ತಕರಾರು ಕಡಿಮೆ. ವಾದ ಏಳುವುದು, ಮಾರಾಟದ ಬದಲಾವಣೆಯಲ್ಲಿ ಯಾವುದರ ಪಾಲು ಎಷ್ಟೆಂದು ಇದೇ ಚಾರ್ಟಿನಲ್ಲಿ ತೋರಿಸುವ ಬೆಲೆ ಮತ್ತು ಪ್ರಮಾಣದ ಬ್ರಿಡ್ಜ್‌ನಲ್ಲಿ.

ಹೋದ ವರ್ಷ 500 ರೂಪಾಯಿಯಂತೆ 1,000 ಪೀಸ್, ಈ ವರ್ಷ 480ರಂತೆ 1,200 ಪೀಸ್ ಮಾರಾಟವಾಗಿದೆ ಎಂದುಕೊಳ್ಳಿ. ಒಟ್ಟು ಏರಿಕೆ 76,000. ಪ್ರಮಾಣವನ್ನು ಮೊದಲು ಹಿಡಿದರೆ ಅದರಿಂದ 1,00,000 ಏರಿಕೆ (200 × 500), ಬೆಲೆಯಿಂದ 24,000 ಇಳಿಕೆ (20 × 1,200). ಬೆಲೆಯನ್ನು ಮೊದಲು ಹಿಡಿದರೆ ಇಳಿಕೆ 20,000, ಏರಿಕೆ 96,000. ಎರಡೂ ಸರಿಯೇ. ವ್ಯತ್ಯಾಸದ 4,000 ಅಂದರೆ 200 × 20, ಬೆಲೆ ಮತ್ತು ಪ್ರಮಾಣ ಎರಡೂ ಬದಲಾದ ಭಾಗ. ಸೇಲ್ಸ್‌ನವರದು ಒಂದು ಕ್ರಮ, ಫೈನಾನ್ಸ್‌ನವರದು ಇನ್ನೊಂದಾದರೆ ಮೀಟಿಂಗ್ ಅದರಲ್ಲೇ ಮುಗಿಯುತ್ತದೆ. ಯಾವ ಕ್ರಮವೆಂದು ಚಾರ್ಟಿನ ಅಡಿಯಲ್ಲೇ ಬರೆಯಿರಿ, ಮುಂದಿನ ತಿಂಗಳು ಬದಲಿಸಬೇಡಿ.

ಎಕ್ಸೆಲ್ 2016ರಿಂದ ಈ ಚಾರ್ಟ್ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಕೊನೆಯ ಮೊತ್ತವನ್ನೂ ಅದು ಇನ್ನೊಂದು ಏರಿಕೆ ಎಂದೇ ತಿಳಿದು ಮೇಲಕ್ಕೆ ಪೇರಿಸುತ್ತದೆ, ಅಕ್ಷ ದುಪ್ಪಟ್ಟಾಗುತ್ತದೆ. ಮೊದಲ ಕ್ಲಿಕ್ಕಿಗೆ ಎಲ್ಲ ಕಂಬಗಳೂ ಆಯ್ಕೆಯಾಗುತ್ತವೆ. ಇನ್ನೊಮ್ಮೆ ಕ್ಲಿಕ್ ಮಾಡಿ ಕೊನೆಯ ಮೊತ್ತದ ಕಂಬವೊಂದನ್ನೇ ಹಿಡಿದು, ರೈಟ್ ಕ್ಲಿಕ್‌ನಲ್ಲಿ ‘ಸೆಟ್ ಆಸ್ ಟೋಟಲ್’ ಕೊಡಿ. ನಡುವೆ ಬರುವ ಒಟ್ಟು ಲಾಭದಂಥ ಉಪಮೊತ್ತಕ್ಕೂ ಇದೇ.

ಹಳೆಯ ಆವೃತ್ತಿಯಲ್ಲಿ ಸ್ಟ್ಯಾಕ್ಡ್ ಕಾಲಮ್‌ನ ಕೆಳಭಾಗಕ್ಕೆ ‘ನೋ ಫಿಲ್’ ಕೊಟ್ಟು ಮಾಡುತ್ತಿದ್ದೆವು: ಹಿಂದಿನ ಮತ್ತು ಈಗಿನ ಮೊತ್ತಗಳಲ್ಲಿ ಚಿಕ್ಕದೇ ಆ ಕಾಣದ ಭಾಗ. ನಗದು ಸೊನ್ನೆ ದಾಟಿ ಕೆಳಗಿಳಿದರೆ ಇದು ಕೆಡುತ್ತದೆ. 3 ಲಕ್ಷದಿಂದ ಮೈನಸ್ 2 ಲಕ್ಷಕ್ಕೆ ಇಳಿದಾಗ 5 ಲಕ್ಷದ ಕಂಬ ಸೊನ್ನೆಯಿಂದ ಮೇಲಕ್ಕೇ ನಿಲ್ಲುತ್ತದೆ, ಏಕೆಂದರೆ ಸ್ಟ್ಯಾಕ್‌ನಲ್ಲಿ ಧನ ಸಂಖ್ಯೆ ಸೊನ್ನೆಯ ಮೇಲೆ, ಋಣ ಸಂಖ್ಯೆ ಕೆಳಗೆ ಬೇರೆಬೇರೆಯಾಗಿ ಪೇರುತ್ತವೆ. ಆಗ ಪ್ರತಿ ಕಂಬದ ಶುರು ಮತ್ತು ಕೊನೆಯ ಮೌಲ್ಯಗಳ ಎರಡು ಲೈನ್ ಹಾಕಿ, ಆ ಎರಡರ ನಡುವೆ ಕಂಬ ನಿಲ್ಲಿಸುವ ‘ಅಪ್/ಡೌನ್ ಬಾರ್ಸ್’ ಸೇರಿಸಿ, ಲೈನ್‌ಗಳನ್ನು ಮರೆಮಾಡಿ. ಮೊತ್ತದ ಕಂಬಗಳಿಗೆ ಬೇರೆ ಬಣ್ಣ ಬೇಕಿದ್ದರೆ ಅವನ್ನು ಪ್ರತ್ಯೇಕ ಕಾಲಮ್ ಸರಣಿಯಾಗಿಸಬೇಕು.

ಮೊತ್ತ 100 ಕೋಟಿ, ಬದಲಾವಣೆ ಒಂದೆರಡು ಕೋಟಿಯಾದರೆ ಅಕ್ಷ ಕತ್ತರಿಸುವ, ಅಂದರೆ ಅದನ್ನು ಸೊನ್ನೆಯ ಬದಲು ಮೇಲಿನಿಂದ ಶುರು ಮಾಡುವ ಆಸೆ ಹುಟ್ಟುತ್ತದೆ. ಕತ್ತರಿಸಿದರೆ ಮೊತ್ತದ ಕಂಬಗಳ ಎತ್ತರ ಸುಳ್ಳು ಹೇಳುತ್ತದೆ. ಮೊತ್ತಗಳನ್ನು ಶೀರ್ಷಿಕೆಯಲ್ಲಿ ಅಂಕಿಯಾಗಿ ಕೊಟ್ಟು, ಬದಲಾವಣೆಗಳನ್ನಷ್ಟೇ ಬಿಡಿಸುವುದು ಮೇಲು. ಸಣ್ಣಪುಟ್ಟ ಬಾಬತ್ತುಗಳನ್ನು ‘ಇತರೆ’ಗೆ ಸೇರಿಸಬಹುದು, ಆದರೆ ‘ಇತರೆ’ ಕಂಬವೇ ಎಲ್ಲಕ್ಕಿಂತ ದೊಡ್ಡದಾಗಿದ್ದರೆ ಅದನ್ನು ಒಡೆದು ತೋರಿಸಿ.